ಬೆನ್ನಿಗೆ ಸರಿಸಿದ ಕರಡಿಗೆ

ಮೊನ್ನೆ ಸ್ನಾನಕ್ಕೆ ಕೂತಾಗ ಎಡ ಪಕ್ಕೆಯ ಮೇಲೆ ಕೈಗೆ ಏನೋ ಗಟ್ಟಿಯಾಗಿ ಸಿಕ್ಕಿತು. ಇರುವ ಕಾಯಿಲೆ ಸಾಲದು ಅಂತ ಇದೊಂದು ಗಂಟು ಬೇರೆ ಎದ್ದಿತೇ ಅಂದುಕೊಂಡೆ. ಕನ್ನಡಕ ಇಲ್ಲದಿದ್ದರೆ ನನಗೆ ನನ್ನ ಪಕ್ಕೆಯೂ ಕಾಣುವುದಿಲ್ಲ ನೋಡ್ರಿ. ಉಗುರಿನಿಂದ ಕೆರೆದು ಕಿತ್ತು ಕಣ್ಣಿನ ಹತ್ತಿರ ಹಿಡಿದರೆ ಬಿಲ್ಲೆಯಂಥ ಒಂದು ಸ್ಟಿಕರು, ಅದರ ನಡುವೆ ಅಂಗಿ ಗುಂಡಿಯಂಥ ಲೋಹದ ಮೊಳೆ. ಇ.ಸಿ.ಜಿ. ತೆಗೆಯುವಾಗ ಮೈಗೆಲ್ಲ ಹಚ್ಚಿ, ಕೀಳುವಾಗ ಇದೊಂದನ್ನು ಮರೆತಿದ್ದಾರೆ. ನಾನು ಅದನ್ನು ಹೊತ್ತುಕೊಂಡೇ ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡಿದ್ದೇನೆ, ಒಂದು ಮದುವೆಗೆ ಹೋಗಿ ಹೋಳಿಗೆ ಊಟವನ್ನೂ ಮಾಡಿ ಬಂದಿದ್ದೇನೆ. ಸ್ಟಿಕರು ಹೋದರೂ ಗೋಂದು ಹೋಗಲಿಲ್ಲ. ಉಜ್ಜಿದಷ್ಟೂ ಕಪ್ಪಗಾಗಿ, ಕೊರಳಿನಲ್ಲಿ ಲಿಂಗ ಕಟ್ಟಿದ ಶಿವದಾರಕ್ಕೂ ಹತ್ತಿಕೊಂಡಿತು. ಬಚ್ಚಲಲ್ಲಿ ಕೂತು ಕೊಬ್ಬರಿ ಎಣ್ಣೆಯಲ್ಲಿ ಆ ದಾರ ತಿಕ್ಕುತ್ತ ತಿಕ್ಕುತ್ತ ಈ ಮೂರ್ನಾಲ್ಕು ತಿಂಗಳ ರಾಮಾಯಣವೆಲ್ಲ ನೆನಪಾಯಿತು, ಅದರ ಜೊತೆಗೆ ನಮ್ಮಪ್ಪನೂ ನೆನಪಾದ.

ನನ್ನದು ಹೊಸಪೇಟೆಯಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿ. ಪೈಪು, ಬೆಲ್ಟು, ವಾಷರು, ಫುಟ್‌ವಾಲ್ವು. ಗಾದಿಗನೂರಿನ ಕಡೆಯ ರೈತರು ಕೆಟ್ಟ ವಾಲ್ವನ್ನು ಚೀಲದಲ್ಲಿ ಹಾಕಿಕೊಂಡು ಬಂದು ಕಟ್ಟೆಯ ಮೇಲೆ ಧಪ್ಪೆಂದು ಇಟ್ಟು, ಇದನ್ನು ರಿಪೇರಿ ಮಾಡಲು ಬರುತ್ತದೇನು ಅಂತ ಕೇಳುತ್ತಾರೆ. ನಾನು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಇದರ ಕಥೆ ಮುಗಿಯಿತು, ಬದಲಿ ಹಾಕಿಬಿಡ್ರಿ ಅನ್ನುತ್ತೇನೆ. ಹೀಗೆ ಹೇಳುವಾಗ ಇಷ್ಟು ವರ್ಷದಲ್ಲಿ ಒಂದು ದಿನವೂ ನನ್ನ ನಾಲಿಗೆ ತಡವರಿಸಿಲ್ಲ. ಬದಲಿ ಹಾಕುವುದು ಅಂದರೆ ಅಷ್ಟು ಸುಲಭದ ಮಾತು ಅಂತ ನಾನು ತಿಳಿದಿದ್ದೆ.

ಹಂಪಿಯಲ್ಲಿ ನನಗೆ ಮೊದಲು ಅನುಮಾನ ಬಂದದ್ದು. ನಮ್ಮ ಊರಿನವರ ಹಣೆಬರಹ ನಿಮಗೆ ಗೊತ್ತಿಲ್ಲ. ಮನೆಗೆ ಯಾರೇ ನೆಂಟರು ಬರಲಿ, ಎರಡನೆಯ ದಿನ ಅವರನ್ನು ಹಂಪಿಗೆ ಕರೆದುಕೊಂಡು ಹೋಗಲೇಬೇಕು. ಹಂಗೆ ಹೋದಾಗ ಹೇಮಕೂಟದ ಬಂಡೆ ಹತ್ತುತ್ತ, ಪ್ರತಿಸಲದ ಹಾಗೆ ನನಗೆ ಗೊತ್ತಿರುವ ಅರ್ಧ ಇತಿಹಾಸ, ಗೊತ್ತಿಲ್ಲದ ಅರ್ಧ ಇತಿಹಾಸ ಎರಡನ್ನೂ ಜೋರಾಗಿ ಹೇಳುತ್ತಿದ್ದೆ. ನಡುವೆ ಮಾತು ನಿಂತಿತು. ಉಸಿರೇ ಸಾಲಲಿಲ್ಲ. ಕಣ್ಣು ಕತ್ತಲೆ ಬಂದು ಅಲ್ಲೇ ಬಂಡೆಯ ಮೇಲೆ ಕೂತೆ. ನಾನು ಏನೋ ಭಾವನೆ ಉಕ್ಕಿ ಸುಮ್ಮನಾದೆ ಅಂತ ನೆಂಟರು ತಿಳಿದರು, ಅವರೂ ಸುಮ್ಮನೆ ಕೈಮುಗಿದು ನಿಂತರು. ನಮ್ಮಾಕೆ ಮಾತ್ರ ನನ್ನ ಹಣೆಯ ಬೆವರು ನೋಡಿ ಆಟೋ ಕರೆದಳು.

ಡಾಕ್ಟ್ರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಒಳಗೆ ಒಂದು ಬಾಗಿಲು ಸಣ್ಣದಾಗಿದೆ, ಪೂರ್ತಿ ತೆರೆಯುತ್ತಿಲ್ಲ, ರಕ್ತ ಅದರ ಸಂದಿಯಿಂದ ನುಗ್ಗಿ ಹೋಗುತ್ತಿದೆ ಅಂದರು. ಮನೆತನದಲ್ಲಿ ಯಾರಿಗಾದರೂ ಹೀಗೆ ಇತ್ತೇನು ಅಂತ ಕೇಳಿದರು. ನಮ್ಮಪ್ಪನಿಗೂ ಕಡೆಗಾಲಕ್ಕೆ ಇಂಥದ್ದೇ ಏನೋ ಹೇಳಿದ್ದರು ಅಂದೆ. ಅವರಿಗೆ ಆಪರೇಷನ್ ಆಯಿತೇನು ಅಂದರು. ಇಲ್ಲ, ಅವರು ಒಪ್ಪಲಿಲ್ಲ ಅಂದೆ, ಹಂಗನ್ನುವಾಗ ನನ್ನ ಬೆನ್ನು ಸ್ವಲ್ಪ ನೆಟ್ಟಗಾಯಿತು. ಯಾಕೆ ನೆಟ್ಟಗಾಯಿತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಅಲ್ಲಿಂದ ಶುರುವಾಯಿತು ನೋಡ್ರಿ ತಪಾಸಣೆ. ಒಬ್ಬ ಡಾಕ್ಟ್ರು ಆಪರೇಷನ್ ಬೇಕಾಗಬಹುದು ಅಂದರು. ಇನ್ನೊಬ್ಬರು ಈಗಲೇ ಬೇಕು ಅಂದರು. ಮತ್ತೊಬ್ಬರು, ಎಲ್ಲ ಟೆಸ್ಟು ಆಗಲಿ, ಆಮೇಲೆ ಮಾತಾಡೋಣ ಅಂದರು. ಎದೆಗೆ ತಣ್ಣನೆಯ ಜೆಲ್ ಹಚ್ಚಿ ಟಿ.ವಿ.ಯಲ್ಲಿ ನನ್ನ ಹೃದಯ ತೋರಿಸಿದರು. ನನಗೆ ಕಂಡದ್ದು ಮಂಜಿನಲ್ಲಿ ಬಡಿದಾಡುವ ಕಪ್ಪೆ. ಗಂಟಲೊಳಗೆ ಒಂದು ಕೊಳವೆ ಇಳಿಸಿ ಹಿಂದಿನಿಂದಲೂ ನೋಡಿದರು. ಮಣಿಕಟ್ಟಿನ ನರದಿಂದ ತಂತಿ ಬಿಟ್ಟು ಎದೆಯವರೆಗೆ ಹೋಗಿ ಬಂದರು. ಇಷ್ಟೆಲ್ಲ ಆದಮೇಲೆ ಹಲ್ಲಿನ ಡಾಕ್ಟ್ರ ಹತ್ತಿರ ಹೋಗಿ ಬನ್ನಿ ಅಂದರು. ನನಗೆ ಸಿಟ್ಟು ನೆತ್ತಿಗೇರಿತು. ಎದೆಯ ಬಾಗಿಲು ಕೆಟ್ಟರೆ ಬಾಯಿ ಯಾಕೆ ತೆಗೆಯಬೇಕು? ಹುಳುಕು ಹಲ್ಲಿನ ಕೀವು ರಕ್ತದಲ್ಲಿ ಸೇರಿ ಹೊಸ ವಾಲ್ವಿಗೆ ಹತ್ತಬಹುದಂತೆ. ಇದ್ದರೂ ಇರಬಹುದು. ಆ ಹಲ್ಲಿನ ಡಾಕ್ಟ್ರು ಎರಡು ದವಡೆ ಹಲ್ಲು ಕಿತ್ತು, ಹೃದಯಕ್ಕೆ ಒಳ್ಳೆಯದಾಗಲಿ ಅಂತ ಹರಸಿ ಕಳಿಸಿದರು. ಬಾಯಲ್ಲಿ ಹತ್ತಿ ಕಚ್ಚಿಕೊಂಡು ಅಂಗಡಿಯಲ್ಲಿ ಕೂತಿದ್ದವನನ್ನು ನೋಡಿ ಗಿರಾಕಿಯೊಬ್ಬ, ಸಾಹುಕಾರ್ರಿಗೆ ಹಲ್ಲು ನೋವಂತೆ ಅಂತ ಊರೆಲ್ಲ ಹೇಳಿದ. ನಾನೂ ಹೌದಪ್ಪಾ ಅಂದೆ. ಅದೇ ಚೆನ್ನಾಗಿತ್ತು.

ಕಡೆಗೆ ಎಲ್ಲ ಡಾಕ್ಟ್ರೂ ಒಂದೇ ಮಾತಿಗೆ ಬಂದರು. ವಾಲ್ವು ಬದಲಿಸಬೇಕು. ಉಸಿರು ಕಟ್ಟಲು ಶುರುವಾದ ಮೇಲೆ ಹಂಗೇ ಬಿಟ್ಟರೆ ಬಹಳ ವರ್ಷ ನಡೆಯುವುದಿಲ್ಲ, ಮುಂದೂಡಬೇಡಿ, ನೀವು ಹೂಂ ಅಂದರೆ ದಿನ ಗೊತ್ತು ಮಾಡುತ್ತೇವೆ ಅಂದರು. ಆಮೇಲೆ ಯಾವ ವಾಲ್ವು ಬೇಕು ಅಂತ ನನ್ನನ್ನೇ ಕೇಳಿದರು. ಲೋಹದ್ದು ಹಾಕಿದರೆ ಜನ್ಮಪೂರ್ತಿ ಬಾಳಿಕೆ, ಆದರೆ ರಕ್ತ ತೆಳುವಾಗಿಸುವ ಗುಳಿಗೆಯನ್ನೂ ಜನ್ಮಪೂರ್ತಿ ನುಂಗಬೇಕು, ಸೊಪ್ಪು ಸದೆ ತಿನ್ನುವುದಕ್ಕೂ ಲೆಕ್ಕ ಬೇಕು. ಇನ್ನೊಂದು ದನದ್ದೋ ಹಂದಿಯದ್ದೋ ಪೊರೆಯಲ್ಲಿ ಮಾಡಿದ್ದು. ಗುಳಿಗೆಯ ಕಾಟ ಕಮ್ಮಿ, ಆದರೆ ಕೆಲವು ವರ್ಷಕ್ಕೆ ಸವೆಯುತ್ತದೆ. ಮೊಟ್ಟೆಯನ್ನೂ ಮುಟ್ಟದ ಮನೆತನ ನಮ್ಮದು. ಎತ್ತು ಎದುರಿಗೆ ಬಂದರೆ ಬಸವಣ್ಣ ಅಂತ ಹಣೆ ಮುಟ್ಟಿ ಕೈಮುಗಿಯುವವನು ನಾನು. ಆ ಬಸವಣ್ಣನ ಪೊರೆಯನ್ನು ಎದೆಯಲ್ಲಿ ಇಟ್ಟುಕೊಳ್ಳುವುದು ಪುಣ್ಯವೋ ಪಾಪವೋ ಗೊತ್ತಾಗಲಿಲ್ಲ. ಗಿರಾಕಿಗಳು ನನಗೆ ದಿನಾ ಹೇಳುವ ಮಾತನ್ನೇ ಡಾಕ್ಟ್ರಿಗೆ ಹೇಳಿದೆ: ನೀವೇ ಒಂದು ಒಳ್ಳೇದು ನೋಡಿ ಕೊಡ್ರಿ. ಅವರು ನಕ್ಕು, ಮನೆಯಲ್ಲಿ ವಿಚಾರ ಮಾಡಿಕೊಂಡು ಬನ್ನಿ ಅಂದರು.

ವಿಚಾರ ಮಾಡುವುದು ಅಂದರೆ ಸಂಡೂರಿನ ನನ್ನ ಮೈದುನನಿಗೆ ಫೋನು ಹಚ್ಚುವುದು. ಅವನು ನಮ್ಮಾಕೆಯ ತಮ್ಮ, ಗಣಿಯಲ್ಲಿ ಲಾರಿ ತೂಕ ಹಾಕಿಸುವ ಕೆಲಸ, ಆದರೆ ಜಗತ್ತಿನಲ್ಲಿ ಅವನಿಗೆ ತಿಳಿಯದ ವಿಷಯವಿಲ್ಲ. ಲೋಹದ್ದೇ ಹಾಕಿಸ್ರಿ ಮಾಮಾ, ನಮ್ಮ ಗುಡ್ಡದ ಅದಿರು ಗಟ್ಟಿ ಅಂದ. ಮರುದಿನ ಅವನೇ ಫೋನು ಮಾಡಿ, ಲೋಹದ್ದು ಬ್ಯಾಡ, ಗಡಿಯಾರದಂಗ ಟಿಕ್ ಟಿಕ್ ಅಂತೈತಂತ, ಅಕ್ಕಗ ನಿದ್ದಿ ಬರಂಗಿಲ್ಲ ಅಂದ. ನನಗೆ ತಲೆ ಚಿಟ್ಟು ಹಿಡಿದುಹೋಯಿತು. ಊಟಕ್ಕೆ ಕೂತರೂ ಅದೇ, ಪೂಜೆಗೆ ಕೂತರೂ ಅದೇ. ಒಂದು ಗಳಿಗೆ ಮಾಡಿಸೋಣ ಅನಿಸುತ್ತಿತ್ತು, ಚಹಾ ಕುಡಿದು ಮುಗಿಸುವಷ್ಟರಲ್ಲಿ ಬೇಡ ಅನಿಸುತ್ತಿತ್ತು.

ಈ ಗೊಂದಲದಲ್ಲಿ ನನಗೆ ಒಂದು ಆಸರೆ ಅಂತ ಇದ್ದದ್ದು ನಮ್ಮಪ್ಪ. ಅಪ್ಪ ಅಂದರೆ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದವನು. ಮೈಯೆಲ್ಲ ತೌಡಿನ ಧೂಳು, ಎದೆಯ ಮೇಲೆ ಬೆಳ್ಳಿಯ ಕರಡಿಗೆ. ಇಷ್ಟಲಿಂಗ ಇಟ್ಟುಕೊಳ್ಳುವ ಆ ಪುಟ್ಟ ಡಬ್ಬಿ ನಮ್ಮ ಮೈ ಬಿಟ್ಟು ಹೋಗಬಾರದು ಅನ್ನುವುದು ನಮ್ಮ ಕಡೆಯ ನೇಮ. ಅದು ಮೈಮೇಲಿಲ್ಲದ ಹೊತ್ತಿನಲ್ಲಿ ಹನಿ ನೀರೂ ಕುಡಿಯುವಂತಿಲ್ಲ. ನಾವು ಹುಡುಗರು ಆಟದಲ್ಲಿ ಅದನ್ನು ಬೆನ್ನಿಗೆ ತಳ್ಳಿಕೊಂಡು ಓಡುತ್ತಿದ್ದೆವು. ಅಪ್ಪ ಹಂಗಲ್ಲ, ಮೂಟೆ ಎತ್ತುವಾಗಲೂ ಎಡಗೈಯಿಂದ ಅದನ್ನು ಒತ್ತಿ ಹಿಡಿಯುತ್ತಿದ್ದ.

ಒಂದು ಬೇಸಿಗೆಯಲ್ಲಿ ಗಿರಣಿಯ ಹಿಂದಿನ ಕಾಲುವೆಯಲ್ಲಿ ಅಪ್ಪ ಸ್ನಾನ ಮಾಡುವಾಗ ಹಳೆಯ ಶಿವದಾರ ಹರಿದು ಕರಡಿಗೆ ಕಾಣೆಯಾಯಿತು. ಗಿರಣಿ ನಿಂತಿತು. ಹಮಾಲರೆಲ್ಲ ನೀರಿಗೆ ಇಳಿದರು. ಕೆಸರು, ಕಲ್ಲು, ಒಂದು ಹಳೆಯ ಚೊಂಬು ಸಿಕ್ಕಿತು, ಕರಡಿಗೆ ಸಿಗಲಿಲ್ಲ. ಅಪ್ಪ ದಂಡೆಯ ಮೇಲೆ ಬಿಸಿಲಲ್ಲೇ ಕೂತ. ಅವನು ಉಣ್ಣದ್ದಕ್ಕೆ ಅವ್ವ ಒಲೆ ಆರಿಸಿದಳು, ಅವ್ವ ಒಲೆ ಆರಿಸಿದ್ದಕ್ಕೆ ನನಗೆ ಹಸಿವಾಗಿ ಪ್ರಾಣ ಹೋಗುತ್ತಿತ್ತು. ಭಕ್ತಿಗಿಂತ ಹೊಟ್ಟೆಯೇ ದೊಡ್ಡದಾಗಿ ಕಾಣುವ ವಯಸ್ಸು, ಅಪ್ಪನ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಹೊತ್ತು ಇಳಿದ ಮೇಲೆ, ಜಾಲಿ ಗಿಡದ ಮೇಲೆ ಒಣಗಹಾಕಿದ್ದ ಅಪ್ಪನದೇ ಪಂಚೆಯ ಮಡಿಕೆಯಲ್ಲಿ ಕರಡಿಗೆ ಸಿಕ್ಕಿತು. ಎಲ್ಲರೂ ನಕ್ಕರು, ಅಪ್ಪ ನಗಲಿಲ್ಲ. ಪೂಜೆ ಮಾಡಿ ನೀರು ಕುಡಿದ. ಅವತ್ತಿನಿಂದ ಕಂಪ್ಲಿಯಲ್ಲಿ ನಮ್ಮ ಮನೆಗೆ ನಿಷ್ಠೆಯ ಮನೆ ಅಂತ ಹೆಸರು ಬಿತ್ತು.

ಮುಂದೆ ನನ್ನ ಮದುವೆಯಾದ ಮೇಲೆ ಅಪ್ಪನಿಗೆ ಏದುಸಿರು ಶುರುವಾಯಿತು. ಬಳ್ಳಾರಿಯ ಡಾಕ್ಟ್ರು ನೋಡಿ, ಹೃದಯದ ಬಾಗಿಲು ಕೆಟ್ಟಿದೆ, ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿ ಅಂದರು. ಅಪ್ಪ ಅಲ್ಲೇ ಕುರ್ಚಿಯಲ್ಲಿ ಕೂತು, ಲಿಂಗ ತೆಗಿಬೇಕಾಗ್ತೈತಿ, ಅದು ಆಗಂಗಿಲ್ಲ ಅಂದುಬಿಟ್ಟ. ನಾವು ಯಾರೂ ಮರುಮಾತಾಡಲಿಲ್ಲ. ಊರಿನ ಹಿರಿಯರು ಮನೆಗೆ ಬಂದು ಅವನ ಕಾಲಿಗೆ ನಮಸ್ಕಾರ ಮಾಡಿ ಹೋದರು. ಆ ವರ್ಷದ ಭತ್ತ ಗಿರಣಿಗೆ ಬರುವ ಮೊದಲೇ ಅಪ್ಪ ಹೋದ. ಪ್ರಾಣ ಬಿಟ್ಟ, ಲಿಂಗ ಬಿಡಲಿಲ್ಲ ಅಂತ ಈ ಕಥೆಯನ್ನು ನಾನು ಎಷ್ಟು ಜನರ ಮುಂದೆ ಹೇಳಿದ್ದೇನೋ ಲೆಕ್ಕವಿಲ್ಲ. ಡಾಕ್ಟ್ರ ಮುಂದೆ ಬೆನ್ನು ನೆಟ್ಟಗಾದದ್ದು ಇದೇ ಹೆಮ್ಮೆಗೆ.

ಇಂಥ ಅಪ್ಪನ ಮಗ, ತಪಾಸಣೆಯಲ್ಲಿ ಇನ್ನೂ ಬಾಕಿಯಿದ್ದ ಎಕ್ಸರೇಗೆ ಅಂತ ಆ ಕೋಣೆಗೆ ಹೋದ. ಅಲ್ಲಿನವನು ಹಸಿರು ನಿಲುವಂಗಿ ಕೊಟ್ಟು, ಕೊರಳಲ್ಲಿ ಏನಿದ್ದರೂ ತೆಗೆದಿಟ್ಟು ಇದನ್ನು ಹಾಕಿಕೊಳ್ಳಿ ಅಂದು ಆಚೆ ಹೋದ. ನಾನು ತೆಗೆಯಲಿಲ್ಲ. ಎದೆಯ ಫೋಟೋ ತಾನೇ, ಎದೆಯ ಮೇಲೆ ಇರದಿದ್ದರಾಯಿತು ಅಂತ ಹುಡುಗಾಟದ ದಿನಗಳ ಹಾಗೆ ಕರಡಿಗೆಯನ್ನು ಬೆನ್ನಿಗೆ ಸರಿಸಿ, ನಿಲುವಂಗಿಯ ಒಳಗೆ ಮುಚ್ಚಿಕೊಂಡೆ. ಉಸಿರು ಹಿಡೀರಿ ಅಂದಾಗ ಹಿಡಿದೆ. ಬಹಳ ಬುದ್ಧಿವಂತಿಕೆ ಮಾಡಿದೆ ಅಂದುಕೊಂಡೆ. ಆ ಕಿರಣ ಬೆನ್ನಿನಿಂದ ಎದೆಗೆ ಆರಪಾರ ಹೋಗುತ್ತದೆ ಅನ್ನುವುದು ವಾಲ್ವು ಮಾರುವವನಿಗೆ ಹೇಗೆ ಗೊತ್ತಾಗಬೇಕು?

ಫಿಲ್ಮು ನೋಡಿದ ಡಾಕ್ಟ್ರು ದೂರದ ರಾಜ್ಯದಿಂದ ಹೊಸದಾಗಿ ಬಂದ ಹುಡುಗ. ಹುಬ್ಬು ಗಂಟಿಕ್ಕಿದ. ಹೃದಯದ ನೆರಳಿನ ನಡುವೆ ಮೊಟ್ಟೆಯಂಥ ಬೆಳ್ಳನೆಯ ಗಡ್ಡೆ ಕಾಣುತ್ತಿದೆ, ದೊಡ್ಡ ಸ್ಕ್ಯಾನ್ ಮಾಡಿಸಲೇಬೇಕು, ಮನೆಯವರನ್ನು ಕರೆದುಕೊಂಡು ಬನ್ನಿ ಅಂದ. ಫಿಲ್ಮು ಹಿಡಿದು ಮನೆಗೆ ಬಂದೆ. ಸುದ್ದಿ ತಿಳಿದು ಮೈದುನ ಸಂಡೂರಿನಿಂದ ಬಸ್ಸು ಹತ್ತಿ ಬಂದ, ಅದಿರಿನ ಧೂಳು ಒಳಗೆ ಹೋಗಿ ಗಡ್ಡೆ ಕಟ್ಟಿದೆ, ನೀವು ನಮ್ಮ ಮನಿಗೆ ಬಂದು ಹೋಗಿದ್ದೇ ತಪ್ಪಾತು ಮಾಮಾ ಅಂತ ಕಣ್ಣೀರು ಹಾಕಿದ. ನನಗೂ ಅತ್ತುಬಿಡೋಣ ಅನಿಸಿತು.

ನಮ್ಮಾಕೆ ಸೆರಗಿಗೆ ಕೈ ಒರೆಸಿಕೊಂಡು ಫಿಲ್ಮನ್ನು ಅಡುಗೆಮನೆಯ ಕಿಟಕಿಗೆ ಹಿಡಿದು ನೋಡಿದಳು. ಒಂದು ಸಲ ಕಣ್ಣು ಕಿರಿದು ಮಾಡಿದಳು.

“ಎರಡು ಕಡೀಗೂ ಕಿವಿ ಇರೋ ಗಡ್ಡಿ ಎಲ್ಲ್ಯಾರ ಇರ್ತೈತೇನ್ರಿ? ದಾರ ಪೋಣಿಸೋ ತೂತು ಸೈತ ಕಾಣ್ತೈತಿ. ಇದು ನಿಮ್ಮ ಕರಡಿಗಿ.”

ಮೈದುನ ಫಿಲ್ಮು ಇಸಿದುಕೊಂಡು ತಾನೂ ಕಿಟಕಿಗೆ ಹಿಡಿದ. ನಾನು ಮೊದಲು ನಕ್ಕೆ, ಆಮೇಲೆ ಅವಳು ನಕ್ಕಳು, ನಕ್ಕು ನಕ್ಕು ನನಗೆ ಏದುಸಿರು ಹತ್ತಿ ಗೋಡೆ ಹಿಡಿದುಕೊಂಡೆ. ಅದನ್ನು ನೋಡಿ ಅವಳ ನಗು ನಿಂತಿತು. ಬೆನ್ನಿಗ್ಯಾಕ ಸರಿಸಿದ್ರಿ, ನನ್ನ ಕೈಯಾಗ ಕೊಟ್ಟು ಹೋಗಬೇಕಿತ್ತಲ್ಲ ಅಂದಳು. ಅಪ್ಪನ ಮಗ ನಾನು, ಕೊಡುವುದು ಹೇಗೆ ಅಂದೆ. ಹಂಗಾದರೆ ಆಪರೇಷನ್ ದಿನ ಏನು ಮಾಡುತ್ತೀರಿ ಅಂದಳು. ಆಪರೇಷನ್ನೇ ಬೇಡ ಅನ್ನಬೇಕು ಅನಿಸಿತು, ಅವಳ ಮುಂದೆ ಹೇಳಲು ಧೈರ್ಯ ಇರಲಿಲ್ಲ.

ಮರುದಿನ ನಮ್ಮ ಮನೆತನದ ಅಯ್ಯನೋರ ಹತ್ತಿರ ಹೋದೆ. ನಮಗೆಲ್ಲ ಲಿಂಗ ಕಟ್ಟಿದ ಗುರುಗಳ ಮನೆಯವರು, ವಯಸ್ಸಾದವರು, ಅವರು ಬೇಡ ಅಂದರೆ ಬೇಡ. ನಿಜ ಹೇಳಬೇಕೆಂದರೆ ಅವರು ಬೇಡ ಅನ್ನಲಿ ಅಂತಲೇ ಹೋಗಿದ್ದೆ. ಅಯ್ಯನೋರು ಎಲ್ಲ ಕೇಳಿ, ಅಷ್ಟಕ್ಕ ಯಾಕ ಚಿಂತಿ ಮಾಡ್ತಿ, ಮನೆಯಾಕಿ ಕೈಯಾಗ ಕೊಡು, ಎಚ್ಚರ ಆದಮ್ಯಾಲ ವಿಭೂತಿ ಹಚ್ಚಿ ಧರಿಸಿಕೋ ಅಂದರು. ಶರೀರ ಇದ್ದರೆ ತಾನೇ ಪೂಜೆ ಅಂದರು. ಹೋದ ವರ್ಷ ಕಣ್ಣಿನ ಪೊರೆ ತೆಗೆಸುವಾಗ ತಾವೂ ಹಂಗೇ ಮಾಡಿದ್ದಾಗಿ ಹೇಳಿ, ಆ ಹೊಸ ಕಣ್ಣಿನಿಂದ ನನ್ನನ್ನು ಚೆನ್ನಾಗಿ ನೋಡಿದರು. ಅಪ್ಪಣೆ ಸಿಕ್ಕಿತು, ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ ನೋಡ್ರಿ. ಕೈಯಲ್ಲಿದ್ದ ಕೊಡೆಯನ್ನು ಯಾರೋ ಕಸಿದುಕೊಂಡ ಹಾಗಾಯಿತು.

ಮನೆಗೆ ಬಂದು, ಅಯ್ಯನೋರು ಏನೇ ಹೇಳಲಿ, ನಾನು ನಮ್ಮಪ್ಪನ ದಾರಿ ಹಿಡಿಯುತ್ತೇನೆ, ಆಪರೇಷನ್ ಬೇಡ ಅಂದುಬಿಟ್ಟೆ. ದನಿ ಸ್ವಲ್ಪ ಜೋರಾಗಿಯೇ ಬಂತು. ನಮ್ಮಾಕೆ ಹೆಸರುಬೇಳೆ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು. ನಮ್ಮ ಮನೆಯಲ್ಲಿ ಅವಳು ಮೊರ ಕೆಳಗಿಟ್ಟರೆ ಮಾತು ದೊಡ್ಡದಿದೆ ಅಂತ ಅರ್ಥ.

“ಮಾವಾರು ನಿಷ್ಠಿಗೆ ಬ್ಯಾಡ ಅನ್ನಲಿಲ್ರಿ. ಅಂಜಿ ಬ್ಯಾಡ ಅಂದ್ರು.”

ಏನು ಮಾತು ಅಂತ ಆಡುತ್ತಿ ಅಂದೆ. ಅವಳು ನಿಲ್ಲಿಸಲಿಲ್ಲ. ಆಗ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮಧ್ಯಾಹ್ನ ಮಜ್ಜಿಗೆ ಕೊಡಲು ಹೋದಾಗ ಅಪ್ಪ ಗಿರಣಿಯ ಹಗ್ಗದ ಹೊರಸಿನ ಮೇಲೆ ಒಬ್ಬನೇ ಕೂತು ಅಳುತ್ತಿದ್ದನಂತೆ. ಇವಳು ಹೆದರಿ ಅತ್ತೆಯನ್ನು ಕರೆಯಲು ಹೊರಟರೆ ಕೈಸನ್ನೆ ಮಾಡಿ ನಿಲ್ಲಿಸಿದನಂತೆ. ಅವನು ಅಂದದ್ದನ್ನು ಅವನ ಮಾತಿನಲ್ಲೇ ಹೇಳಿದಳು.

“‘ಎದಿ ಸೀಳ್ತಾರಂತ ಯವ್ವಾ. ನನಗ ಭಾಳ ಅಂಜಿಕಿ ಆಗೈತಿ. ಲಿಂಗದ ಮಾತು ಹೇಳಿದ್ರ ಮತ್ತ ಯಾರೂ ಕೇಳಂಗಿಲ್ಲ. ನೀನೂ ಯಾರ ಮುಂದೂ ಹೇಳಬ್ಯಾಡ.’ ಹಿಂಗಂದ್ರು. ಸಣ್ಣಾಕಿ ಇದ್ದೆ, ಹೂಂ ಅಂದೆ. ನೀವು ಬಂದೋರ ಮುಂದೆಲ್ಲ ಆ ಕಥಿ ಹೇಳೋವಾಗ ನಾ ಚಾ ಕೊಟ್ಟು ಒಳಗ ಹೋಗ್ತಿದ್ದೆ. ಇನ್ನೊಮ್ಮೆ ಹಂಗ ಸುಮ್ಮನಿರಾಕ ನನ್ನ ಕೈಲಿ ಆಗಂಗಿಲ್ರಿ.”

ನನಗೆ ಬಂದ ಸಿಟ್ಟು ಇಂತಿಷ್ಟು ಅಂತಿಲ್ಲ. ಸುಳ್ಳು ಅಂದೆ. ಸತ್ತವರ ಮೇಲೆ ಮಾತು ಹೊರಿಸಬೇಡ ಅಂದೆ. ಊಟ ಬಿಟ್ಟು ಅಂಗಡಿಗೆ ಹೋದೆ. ಮೂರಿಂಚಿನ ವಾಲ್ವು ಕೇಳಿದವನಿಗೆ ಎರಡಿಂಚಿನದು ಕೊಟ್ಟೆ, ಅವನು ವಾಪಸು ಬಂದಾಗ ಅವನನ್ನೇ ಬೈದೆ. ಆದರೆ ಸುಳ್ಳಲ್ಲ ಅಂತ ನನಗೆ ಗೊತ್ತಿತ್ತು. ಯವ್ವಾ ಅಂತ ಅಪ್ಪ ಕರೆಯುತ್ತಿದ್ದದ್ದು ಅವಳೊಬ್ಬಳನ್ನೇ.

ಸಿಟ್ಟು ಇಳಿಯುತ್ತ ಇಳಿಯುತ್ತ ನನಗೆ ಅಪ್ಪನ ಮೇಲೆ ಎಂಥ ಕನಿಕರ ಬಂತು ಅಂದರೆ, ಕ್ಯಾಷ್ ಪೆಟ್ಟಿಗೆಯ ಮುಂದೆ ಕೂತು ಅತ್ತುಬಿಟ್ಟೆ. ಮನೆ ತುಂಬ ಜನ, ಕಾಲು ಮುಟ್ಟಿ ಹೋಗುವವರ ಸಾಲು, ಆ ಸಾಲಿನ ನಡುವೆ ಅವನು ಒಬ್ಬನೇ ಹೆದರಿಕೊಂಡು ಕೂತಿದ್ದ. ನಾವು ಅವನನ್ನು ದೊಡ್ಡವನನ್ನಾಗಿ ಮಾಡಿದಷ್ಟೂ ಅವನಿಗೆ ಬಾಯಿ ಬಿಡಲು ಜಾಗವೇ ಉಳಿಯಲಿಲ್ಲ. ಅಂಜಬ್ಯಾಡಪ್ಪಾ, ನಾ ಅದೀನಿ ಅಂತ ಹೇಳುವ ವಯಸ್ಸು ನನಗಾಗಿತ್ತು. ನಾನು ಪಕ್ಕದಲ್ಲೇ ನಿಂತು ಹೆಮ್ಮೆಪಡುತ್ತಿದ್ದೆ. ಅವನ ನಿಷ್ಠೆ ಸುಳ್ಳು ಅಂತ ನನಗೀಗಲೂ ಅನಿಸುವುದಿಲ್ಲ. ಕಾಲುವೆಯ ದಂಡೆಯಲ್ಲಿ ಬಿಸಿಲಿಗೆ ಕೂತದ್ದೂ ಅವನೇ, ಹೊರಸಿನ ಮೇಲೆ ಅತ್ತದ್ದೂ ಅವನೇ. ಎರಡೂ ಒಬ್ಬನೊಳಗೆ ಹೇಗೆ ಇದ್ದವು ಅಂತ ಕೇಳಿದರೆ ನನಗೆ ತಿಳಿಯದು. ನನ್ನೊಳಗೂ ಈಗ ಹಂಗೇ ಇವೆ.

ಎಣ್ಣೆ ಹಚ್ಚಿ ಹಚ್ಚಿ ಶಿವದಾರದ ಗೋಂದು ಬಿಡಿಸಿದ್ದಾಯಿತು, ಸ್ನಾನ ಮುಗಿಸಿ ಪೂಜೆ ಮಾಡಿದ್ದೂ ಆಯಿತು. ಲೋಹದ್ದೋ ಬಸವಣ್ಣನದೋ ಇವತ್ತಿಗೂ ತೀರ್ಮಾನವಾಗಿಲ್ಲ, ನಿಮಗೇನಾದರೂ ಗೊತ್ತಿದ್ದರೆ ದಯವಿಟ್ಟು ಹೇಳಬೇಡಿ, ಮೈದುನನೊಬ್ಬನೇ ಸಾಕು. ಅವತ್ತೇ ನಾಷ್ಟಾಕ್ಕೆ ಕೂತಾಗ ನಮ್ಮಾಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಫೋನು ಹಚ್ಚಿದೆ. ಈ ಮೊದಲೂ ನಾಲ್ಕಾರು ಸಲ ಹಚ್ಚಿದ್ದೆ. ಪ್ರತಿಸಲವೂ ನಮ್ಮ ಕಡೆಯವರೊಬ್ಬರಿಗೆ ಆಪರೇಷನ್ ಹೇಳಿದ್ದಾರೆ ಅಂತ ಏನೇನೋ ವಿಚಾರಿಸಿ, ಅವರನ್ನು ಕೇಳಿ ತಿಳಿಸುತ್ತೇನೆ ಅಂತ ಇಟ್ಟುಬಿಡುತ್ತಿದ್ದೆ. ಫೋನೆತ್ತುವ ಹುಡುಗಿ ನನ್ನ ದನಿ ಗುರುತು ಹಿಡಿದಳು.

“ಹೇಳ್ರಿ ಸರ್, ನಿಮ್ಮ ಕಡೇರು ಏನಂದ್ರು? ಪೇಷಂಟು ನಿಮಗೇನಾಗಬೇಕ್ರಿ?”

“ನಾನವ್ವ,” ಅಂದೆ. “ನಾನ ಪೇಷಂಟು. ನನಗ ಭಾಳ ಅಂಜಿಕಿ ಆಗೈತಿ. ಯಾವತ್ತು ಬರಲಿ, ಹೇಳು.”